ಪುನರ್ಪುಳಿ, ಕಿರಾತಕಡ್ಡಿ, ಮಲ್ಲಿಗೆ: ಯಾವ ಸಾರಕ್ಕೆ ಯಾವ ದ್ರಾವಕ?

"ಗಿಡದ ಸಾರ ತೆಗೆಯೋಕೆ ನೀರಲ್ಲೇ ಕುದಿಸಿದ್ರೆ ಸಾಕಾ, ಇಲ್ಲಾ ಎಥನಾಲ್ (ಆಲ್ಕೋಹಾಲ್) ಬೇಕೇ ಬೇಕಾ?" ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಕೇಳುವವರು ಒಂದೇ ತರದವರಲ್ಲ. ಮಣಿಪಾಲ, ಕೊಣಾಜೆ, ಮೂಡುಬಿದಿರೆ ಕಡೆ ಗಿಡಮೂಲಿಕೆಯ ಪ್ರಾಜೆಕ್ಟ್ ಹಿಡಿದ ಮಕ್ಕಳು ಕೇಳುತ್ತಾರೆ. ಪುನರ್ಪುಳಿ (ಕೋಕಂ) ಪುಡಿ ಮಾಡಿ ಮಾರುವ ಸ್ವಸಹಾಯ ಗುಂಪಿನ ಅಕ್ಕಂದಿರು ಕೇಳುತ್ತಾರೆ. ದರ ಬಿದ್ದ ದಿನ ಮಲ್ಲಿಗೆಯಿಂದ ಬೇರೆ ಏನಾದರೂ ಮಾಡಬಹುದಾ ಅಂತ ಶಂಕರಪುರದ ಬೆಳೆಗಾರರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಉತ್ತರ ಹುಡುಕುವ ದಾರಿ ಒಂದೇ. ಅದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಮಾತು. ದ್ರಾವಕ, ಅಂದರೆ ಗಿಡದ ಅಂಶವನ್ನು ಕರಗಿಸಿ ಹೊರತೆಗೆಯುವ ದ್ರವ, ಆರಿಸುವಾಗ ನಾವೆಲ್ಲ "ಯಾವುದು ಜಾಸ್ತಿ ಎಳೆಯುತ್ತದೆ?" ಅಂತ ನೋಡುತ್ತೇವೆ. ಶುದ್ಧತೆ ಬೇಕಿದ್ದರೆ ಪ್ರಶ್ನೆ ತಿರುಗಬೇಕು: "ಯಾವುದು ಬೇಡದ್ದನ್ನು ಹಿಪ್ಪೆಯಲ್ಲೇ ಬಿಡುತ್ತದೆ?"

ಒಂದು ಲೆಕ್ಕ ನೋಡಿ. ಅಂಕಿಗಳು ಉದಾಹರಣೆಗೆ ಮಾತ್ರ. 100 ಗ್ರಾಂ ಒಣ ಎಲೆಪುಡಿಯನ್ನು ನೀರಲ್ಲಿ ಕುದಿಸಿ, ಸೋಸಿ, ಒಣಗಿಸಿದಾಗ 20 ಗ್ರಾಂ ಸಾರ ಬಂತು, ಅದರಲ್ಲಿ ಬೇಕಾದ ಅಂಶ ಶೇ. 5 ಅಂತ ಇಟ್ಟುಕೊಳ್ಳಿ. ಅಂದರೆ 1 ಗ್ರಾಂ. ಅದೇ ಪುಡಿಗೆ ಎಥನಾಲ್ ಹಾಕಿದಾಗ 6 ಗ್ರಾಂ ಸಾರ ಬಂತು, ಬೇಕಾದ ಅಂಶ ಶೇ. 14. ಅಂದರೆ 0.84 ಗ್ರಾಂ. ಒಟ್ಟು ಲೆಕ್ಕದಲ್ಲಿ ನೀರು ಗೆದ್ದಿತು. ಶುದ್ಧತೆಯಲ್ಲಿ ಎಥನಾಲ್ ಸುಮಾರು ಮೂರು ಪಟ್ಟು ಮುಂದೆ. ನೀವು ಕಷಾಯದ ಪುಡಿ ಮಾಡುವವರಾದರೆ ಮೊದಲನೆಯದು ಸಾಕು. ಆ ಅಂಶವನ್ನು ಬೇರ್ಪಡಿಸಿ ಹರಳು ಮಾಡಬೇಕಾದರೆ ಎರಡನೆಯದೇ ಬೇಕು. ಮೊದಲನೆಯದರಲ್ಲಿ 19 ಗ್ರಾಂ ಬೇಡದ ಸಾಮಾನನ್ನು ತೆಗೆಯುವಷ್ಟರಲ್ಲಿ ಬೇಕಾದದ್ದೂ ಅರ್ಧ ಹೋಗಿರುತ್ತದೆ.

ಯಾವ ಅಳತೆಗೋಲು ಹಿಡಿಯಬೇಕು?

ನಾನು ನಾಲ್ಕು ವಿಷಯ ನೋಡುತ್ತೇನೆ. ಬೇಕಾದ ಅಂಶ ನೀರಿನ ಕಡೆಯದಾ, ಎಣ್ಣೆಯ ಕಡೆಯದಾ ಅನ್ನುವುದು ಮೊದಲನೆಯದು. ಬೆಲ್ಲ ನೀರಲ್ಲಿ ಕರಗುತ್ತದೆ, ತುಪ್ಪದಲ್ಲಿ ಕರಗುವುದಿಲ್ಲ, ಅಲ್ವಾ? ಗಿಡದೊಳಗಿನ ವಸ್ತುಗಳೂ ಹಾಗೆಯೇ. ಸಕ್ಕರೆ, ಉಪ್ಪು, ಹುಳಿ, ಅಂಟು, ಒಗರು ಒಂದು ಕಡೆ. ಮೇಣ, ಕೊಬ್ಬು, ಘಮದ ಎಣ್ಣೆ ಇನ್ನೊಂದು ಕಡೆ. ಔಷಧಿಯ ಬಹುತೇಕ ಅಂಶಗಳು ನಡುವೆ ಎಲ್ಲೋ ಇರುತ್ತವೆ. ಕಷ್ಟ ಇರುವುದೇ ಅಲ್ಲಿ.

ಎರಡನೆಯದು ಜೊತೆಗೆ ಏನೇನು ಬರುತ್ತದೆ ಅನ್ನುವುದು. ಎಲೆಯಾದರೆ ಪತ್ರಹರಿತ್ತು, ಬೀಜವಾದರೆ ಎಣ್ಣೆ, ಹಣ್ಣಾದರೆ ಸಕ್ಕರೆ, ತೊಗಟೆಯಾದರೆ ಒಗರು. ಮೂರನೆಯದು ಸಾರದಲ್ಲಿ ಉಳಿಯುವ ದ್ರಾವಕ ಮತ್ತು ಆ ಸಾರ ಯಾರ ಹೊಟ್ಟೆಗೆ ಹೋಗುತ್ತದೆ ಅನ್ನುವುದು. ಔಷಧಗಳಿಗೆ ಅಂತರರಾಷ್ಟ್ರೀಯ ಮಿತಿಗಳಿವೆ: ಎಥನಾಲ್, ಅಸಿಟೋನ್, ಈಥೈಲ್ ಅಸಿಟೇಟ್ 5000 ಪಿಪಿಎಂವರೆಗೆ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ), ಮೆಥನಾಲ್ 3000, ಡೈಕ್ಲೋರೋಮೀಥೇನ್ 600, ಹೆಕ್ಸೇನ್ 290, ಕ್ಲೋರೋಫಾರ್ಮ್ ಬರೀ 60. ಈ ಇಳಿಜಾರು ನೋಡಿದರೆ ಯಾವುದರ ಬಗ್ಗೆ ಎಷ್ಟು ಹೆದರಬೇಕು ಅಂತ ತಿಳಿಯುತ್ತದೆ. ನಾಲ್ಕನೆಯದು ದುಡ್ಡು, ಬೆಂಕಿ ಮತ್ತು ಪರವಾನಗಿ. ಈ ಮೂರನ್ನೂ ಒಟ್ಟಿಗೇ ಯೋಚಿಸಬೇಕು.

ನೀರು

ನೀರನ್ನು ಕಡೆಗಣಿಸಬೇಡಿ. ಆಟಿ ಅಮಾವಾಸ್ಯೆಯಂದು ನಾವು ಕುಡಿಯುವ ಹಾಲೆ ಮರದ ತೊಗಟೆಯ ಕಷಾಯ ನೀರಲ್ಲೇ ಆಗುವಂಥದ್ದು. ಬಾಯಿಗೆ ಇಟ್ಟ ಕೂಡಲೇ ಕಹಿ ತಾಗುತ್ತದೆ. ಆ ತೊಗಟೆಯಲ್ಲಿ ಕಹಿ ಕೊಡುವ ಸಾರಜನಕದ ವಸ್ತುಗಳಾದ ಆಲ್ಕಲಾಯ್ಡ್‌ಗಳಿವೆ. ಸಾಮಾನ್ಯವಾಗಿ ಗಿಡದೊಳಗೆ ಇವು ಗಿಡದ ಹುಳಿಯ ಜೊತೆ ಸೇರಿ ಉಪ್ಪಿನ ರೂಪದಲ್ಲಿರುತ್ತವೆ. ಹಾಗಾಗಿ ನೀರಿಗೂ ಬಿಟ್ಟುಕೊಳ್ಳುತ್ತವೆ. (ಮರ ಗುರುತಿಸಲು ಬರುವವರಿಂದಲೇ ತೊಗಟೆ ತರಿಸಿ. ಕಾಸರಕದ ಮರವನ್ನು ಹಾಲೆ ಅಂದುಕೊಂಡರೆ ಪ್ರಾಣಕ್ಕೇ ಅಪಾಯ. ಅಲ್ಲಿ ಯಾವ ದ್ರಾವಕವೂ ಕಾಪಾಡುವುದಿಲ್ಲ.)

ಪುನರ್ಪುಳಿಗೂ ನೀರೇ ಸಹಜ. ಅದರ ಕೆಂಪು ಬಣ್ಣ ಆಂಥೋಸಯಾನಿನ್, ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಎರಡೂ ನೀರಿನ ಕಡೆಯವು. ಹಣ್ಣಿನ ಹುಳಿಯೇ ಬಣ್ಣವನ್ನು ಕಾಯುತ್ತದೆ. ಅದೇ ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ನೋಡಿ, ಕೆಂಪು ಹೋಗಿ ನೀಲಿ ಕಡೆ ತಿರುಗುತ್ತದೆ. ಬಣ್ಣ ಉಳಿಯಬೇಕಾದರೆ ಕುದಿಸಬೇಡಿ, ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ. ಸ್ಟೀಲ್ ಅಥವಾ ಗಾಜಿನ ಪಾತ್ರೆ ಇಟ್ಟುಕೊಳ್ಳಿ, ಕಬ್ಬಿಣ, ಅಲ್ಯೂಮಿನಿಯಂ ಬೇಡ.

ತೊಂದರೆ ಆಮೇಲೆ ಶುರುವಾಗುತ್ತದೆ. ನೀರು ಬಣ್ಣದ ಜೊತೆಗೆ ಸಕ್ಕರೆ, ಪೆಕ್ಟಿನ್, ಉಪ್ಪು ಎಲ್ಲವನ್ನೂ ತರುತ್ತದೆ. ಒಣಗಿಸಿದ ಪುಡಿ ಜೂನ್ ತಿಂಗಳ ಗಾಳಿಗೆ ಒಂದು ಗಂಟೆ ತೆರೆದಿಟ್ಟರೆ ಸಾಕು, ಚಮಚಕ್ಕೆ ಅಂಟುವ ಮುದ್ದೆಯಾಗುತ್ತದೆ. ಅದಕ್ಕೇ ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸುತ್ತಾರೆ. ಬೆರೆಸಿದ ಮೇಲೆ ಶುದ್ಧತೆ ಇನ್ನೂ ಇಳಿಯಿತು ಅನ್ನುವುದು ನೆನಪಿರಲಿ. ಇಂಗಿಸುವ ಖರ್ಚೂ ಕಡಿಮೆಯಲ್ಲ. ಒಂದು ಕಿಲೋ ನೀರು ಆವಿಯಾಗಲು ಸುಮಾರು 2260 ಕಿಲೋಜೂಲ್ ಬೇಕು, ಎಥನಾಲ್‌ಗೆ ಸುಮಾರು 840 ಸಾಕು. ನೀರು ಪುಕ್ಕಟೆ, ಗ್ಯಾಸ್ ಪುಕ್ಕಟೆ ಅಲ್ಲ. ಮೇಲಾಗಿ ನೀರಿನ ಸಾರ ಬೇಗ ಹಳಸುತ್ತದೆ. ನಮ್ಮ ಸೆಖೆಗೆ ರಾತ್ರಿ ಹೊರಗಿಟ್ಟದ್ದು ಬೆಳಿಗ್ಗೆ ವಾಸನೆ ಬರುತ್ತದೆ.

ಇನ್ನೊಂದು ಸೂಕ್ಷ್ಮ. ಹಸಿ ಎಲೆಯನ್ನು ಅರೆದು ತಣ್ಣೀರಲ್ಲಿ ಬಿಟ್ಟರೆ ಎಲೆಯ ಕಿಣ್ವಗಳು ಸುಮ್ನೆ ಕೂರುವುದಿಲ್ಲ. ಕೆಲವು ಅಂಶಗಳನ್ನು ಒಡೆಯುತ್ತವೆ, ಕೆಲವನ್ನು ಕಂದು ಮಾಡುತ್ತವೆ. ಎಲೆಯನ್ನು ನೆರಳಲ್ಲಿ ಒಣಗಿಸಿ ಬಳಸಿ, ಅಥವಾ ನೇರವಾಗಿ ಕುದಿಯುವ ನೀರಿಗೆ ಹಾಕಿ.

ಎಥನಾಲ್

ಒಂದೇ ದ್ರಾವಕ ಇಟ್ಟುಕೊಳ್ಳಬೇಕು ಅಂತಾದರೆ ನಾನು ಇದನ್ನೇ ಹೇಳುವುದು. ನೀರಿನ ಜೊತೆ ಎಷ್ಟು ಬೇಕಾದರೂ ಬೆರೆಯುತ್ತದೆ ಅನ್ನುವುದೇ ಇದರ ದೊಡ್ಡ ಗುಣ. ನೀರಿನ ಪ್ರಮಾಣ ಏರಿಸಿ ಇಳಿಸಿ ದ್ರಾವಕದ ಸ್ವಭಾವವನ್ನೇ ಬದಲಿಸಬಹುದು.

ಕಿರಾತಕಡ್ಡಿಯನ್ನೇ (ನೆಲಬೇವು) ತೆಗೆದುಕೊಳ್ಳಿ. ಅದರ ಕಹಿ ಆಂಡ್ರೋಗ್ರಾಫೋಲೈಡ್ ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ. ಕಷಾಯ ನಾಲಿಗೆ ಸುಡುವಷ್ಟು ಕಹಿ ಇದ್ದರೂ ಹಿಪ್ಪೆಯಲ್ಲಿ ಇನ್ನೂ ಸಾಕಷ್ಟು ಉಳಿದಿರುತ್ತದೆ. ಬಿಸಿ ಎಥನಾಲ್‌ಗೆ ಅದು ಚೆನ್ನಾಗಿ ಬರುತ್ತದೆ. ಆದರೆ ಶೇ. 95ರ ಎಥನಾಲ್ ಹಾಕಿದರೆ ಪತ್ರಹರಿತ್ತೂ ಮೆರವಣಿಗೆಯಲ್ಲಿ ಬರುತ್ತದೆ. ಫ್ಲಾಸ್ಕಿನಲ್ಲಿ ಕಪ್ಪುಹಸಿರು ದ್ರವ, ಇಂಗಿಸಿದರೆ ಡಾಮರಿನಂತೆ ಗಾಜಿಗೆ ಹತ್ತಿಕೊಳ್ಳುವ ಅಂಟು. ಶೇ. 50ರಿಂದ 70ಕ್ಕೆ ಇಳಿಸಿದರೆ ಹಸಿರು ಕಡಿಮೆಯಾಗುತ್ತದೆ, ಆದರೆ ಸಕ್ಕರೆ, ಉಪ್ಪು ಸ್ವಲ್ಪ ಏರುತ್ತದೆ. ಇದು ಕೊಡು ಕೊಳ್ಳುವ ವ್ಯವಹಾರ.

ಹಸಿರು ಬಿಡಿಸಲು ಒಂದು ಸರಳ ದಾರಿ ಇದೆ. ಶೇ. 95ರ ಸಾರವನ್ನು ಸ್ವಲ್ಪ ಇಂಗಿಸಿ, ಅದಕ್ಕೆ ನಿಧಾನಕ್ಕೆ ನೀರು ಹಾಕುತ್ತಾ ಬನ್ನಿ. ಒಂದು ಹಂತದಲ್ಲಿ ತಿಳಿಯಾಗಿದ್ದ ದ್ರವ ಹಾಲಿನಂತೆ ಮಬ್ಬಾಗುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ತಳದಲ್ಲಿ ಹಸಿರು ಅಂಟು ಕೂತಿರುತ್ತದೆ, ಮೇಲೆ ಕಂದು ತಿಳಿ. ತಿಳಿಯನ್ನು ಬಗ್ಗಿಸಿಕೊಳ್ಳಿ. ಆದರೆ ನಿಮಗೆ ಬೇಕಾದದ್ದೇ ನೀರನ್ನು ಒಲ್ಲದ ವಸ್ತುವಾದರೆ ಅದೂ ತಳಕ್ಕೆ ಇಳಿಯಬಹುದು. ಎರಡನ್ನೂ ಪರೀಕ್ಷಿಸದೆ ತಳವನ್ನು ಚೆಲ್ಲಬೇಡಿ. ಇದ್ದಿಲು ಪುಡಿಯಿಂದ ಹಸಿರು ತೆಗೆಯುವವರೂ ಇದ್ದಾರೆ. ಇದ್ದಿಲು ಹಸಿರಿನ ಜೊತೆ ನಿಮ್ಮ ಅಂಶವನ್ನೂ ಹೀರುತ್ತದೆ, ಹಾಗಾಗಿ ನನಗೆ ಅದು ಕೊನೆಯ ಆಯ್ಕೆ.

ನೀರಿನ ಸಾರ ಮಾಡಿದವರಿಗೂ ಎಥನಾಲ್ ಬೇಕಾಗುತ್ತದೆ. ಇಂಗಿಸಿದ ನೀರಿನ ಸಾರಕ್ಕೆ ಎಥನಾಲ್ ಸೇರಿಸಿ ಶೇ. 70ರಿಂದ 80ಕ್ಕೆ ತಂದರೆ ಅಂಟು, ಪೆಕ್ಟಿನ್, ಪ್ರೋಟೀನ್ ಬಿಳಿ ಎಳೆಯಾಗಿ ಬೇರೆಯಾಗುತ್ತವೆ. ಸೋಸಿದರೆ ಆಯಿತು.

ದುಡ್ಡಿನ ಮಾತು. ಎಥನಾಲ್ ಇಟ್ಟುಕೊಳ್ಳಲು ಅಬಕಾರಿ ಇಲಾಖೆಯ ಅನುಮತಿ ಬೇಕು. ಕಾಲೇಜಿಗೆ ಅದು ಸಾಮಾನ್ಯವಾಗಿ ಇರುತ್ತದೆ, ಮನೆ ಉದ್ಯಮಕ್ಕೆ ಇರುವುದಿಲ್ಲ. ಅದಕ್ಕೆ ಅಡ್ಡದಾರಿ ಅಂತ ಪೇಂಟ್ ಅಂಗಡಿಯ ಸ್ಪಿರಿಟ್ ತರಲೇಬೇಡಿ. ಅದರಲ್ಲಿ ಕುಡಿಯಬಾರದೆಂದೇ ವಿಷ ಬೆರೆಸಿರುತ್ತಾರೆ, ಮೆಥನಾಲ್ ಇರಬಹುದು. ಬಟ್ಟಿ ಇಳಿಸಿ ಎಥನಾಲನ್ನು ಮತ್ತೆ ಬಳಸುವವರು ಇದನ್ನು ಗಮನಿಸಿ: ಮಾಮೂಲಿ ಬಟ್ಟಿಯಲ್ಲಿ ತೂಕದ ಲೆಕ್ಕದಲ್ಲಿ ಶೇ. 95.6 ದಾಟುವುದಿಲ್ಲ. ಗಿಡದ ತೇವವೂ ಸೇರಿಕೊಂಡಿರುತ್ತದೆ. ಪ್ರತಿ ಸಲ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ನೋಡದಿದ್ದರೆ ಮೊದಲ ಸಲ ಬಂದ ಸಾರ ಮೂರನೇ ಸಲ ಬರುವುದಿಲ್ಲ.

ಮೆಥನಾಲ್

ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಗಿಡದೊಳಕ್ಕೆ ಚೆನ್ನಾಗಿ ನುಗ್ಗುತ್ತದೆ, 65 ಡಿಗ್ರಿಗೆ ಕುದಿಯುತ್ತದೆ, ಬೆಲೆ ಕಡಿಮೆ, ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹೊಂದುತ್ತದೆ. ಪ್ರಯೋಗಾಲಯದಲ್ಲಿ ಅಳೆಯುವುದಕ್ಕೆ ಮಾತ್ರ ಸಾರ ಬೇಕಿದ್ದರೆ ಧಾರಾಳವಾಗಿ ಬಳಸಿ. ತಿನ್ನುವ, ಕುಡಿಯುವ ಯಾವುದಕ್ಕೂ ಬೇಡ. ಕಣ್ಣು ಹೋಗುವ, ಜೀವ ಹೋಗುವ ವಿಷ ಅದು. ಇನ್ನೊಂದು, ಹುಳಿ ಇರುವ ಸಾರವನ್ನು ಮೆಥನಾಲ್‌ನಲ್ಲಿ ಜಾಸ್ತಿ ಹೊತ್ತು ಬಿಸಿ ಮಾಡಿದರೆ ಗಿಡದಲ್ಲಿ ಇಲ್ಲದ ಮೀಥೈಲ್ ಎಸ್ಟರ್‌ಗಳು ಹುಟ್ಟಬಹುದು. "ಹೊಸ ವಸ್ತು ಸಿಕ್ಕಿತು" ಅಂತ ಮಕ್ಕಳು ಖುಷಿಪಡುವ ಮೊದಲು ಇದನ್ನು ಯೋಚಿಸಬೇಕು.

ಅಸಿಟೋನ್ ಮತ್ತು ಈಥೈಲ್ ಅಸಿಟೇಟ್

ಒಣ ಎಲೆಗೆ ಅಸಿಟೋನ್ ಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ: ಎಲೆಯ ಪತ್ರಹರಿತ್ತನ್ನು ಅಳೆಯುವ ಹಳೆಯ ಕ್ರಮದಲ್ಲಿ ಬಳಸುವುದೇ ಶೇ. 80ರ ಅಸಿಟೋನ್. ಅಂದರೆ ಹಸಿರು ಎಳೆಯುವುದರಲ್ಲಿ ಅದು ಪಳಗಿದೆ. ಎಲೆಗೆ ಇದು ಬೇಡ. ಅಡಿಕೆಯಂಥ ಒಗರು ತುಂಬಿದ ವಸ್ತುವಿಗೆ ಮಾತ್ರ ನೀರು ಬೆರೆಸಿದ ಶೇ. 70ರ ಅಸಿಟೋನ್ ಬಹಳ ಒಳ್ಳೆಯದು. ಒಗರು ಪ್ರೋಟೀನಿಗೆ, ನಾರಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಬರೀ ನೀರಿಗೂ ಆಗುವುದಿಲ್ಲ, ಬರೀ ಅಸಿಟೋನಿಗೂ ಆಗುವುದಿಲ್ಲ. ಅರಿಶಿನದ ಕುರ್ಕ್ಯುಮಿನ್‌ಗೂ ಅಸಿಟೋನ್ ಒಗ್ಗುತ್ತದೆ.

ಆದರೆ ಅದು 56 ಡಿಗ್ರಿಗೇ ಕುದಿಯುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಓವರ್‌ಹೆಡ್ ಟ್ಯಾಂಕಿನ ನೀರು ಮುಟ್ಟಿದರೇ ಬಿಸಿ. ಆ ನೀರನ್ನು ಆವಿ ತಣಿಸುವ ಕಂಡೆನ್ಸರ್‌ಗೆ ಬಿಟ್ಟು ನಿರ್ವಾತದಲ್ಲಿ ಅಸಿಟೋನ್ ಇಂಗಿಸಿದರೆ ಅರ್ಧ ಅಸಿಟೋನ್ ಕೋಣೆಗೇ ಹೋಗುತ್ತದೆ. ಚಿಲ್ಲರ್ ಇಲ್ಲದಿದ್ದರೆ ಕನಿಷ್ಠ ಐಸ್ ಹಾಕಿದ ಬಕೆಟ್ಟಿನಿಂದ ನೀರು ತಿರುಗಿಸಿ.

ಈಥೈಲ್ ಅಸಿಟೇಟ್ ನನಗೆ ಇಷ್ಟವಾದದ್ದು ಬೇರೆ ಕಾರಣಕ್ಕೆ. ಮೊದಲ ಸಾರಕ್ಕಿಂತ ಎರಡನೇ ಹಂತದಲ್ಲಿ ಇದರ ಕೆಲಸ ಜಾಸ್ತಿ. ಎಥನಾಲ್ ಸಾರದಿಂದ ಎಥನಾಲ್ ತೆಗೆದು, ನೀರಲ್ಲಿ ಕಲಸಿ, ಬೇರ್ಪಡಿಸುವ ಫನ್ನೆಲ್‌ನಲ್ಲಿ ಈಥೈಲ್ ಅಸಿಟೇಟ್ ಜೊತೆ ಅಲುಗಾಡಿಸಿ ಬಿಡಿ. ಎರಡು ಪದರ ಆಗುತ್ತದೆ. ಸಕ್ಕರೆ, ಉಪ್ಪು, ದೊಡ್ಡ ಗಾತ್ರದ ಒಗರು ಕೆಳಗಿನ ನೀರಲ್ಲಿ ಉಳಿಯುತ್ತವೆ, ಫ್ಲೇವನಾಯ್ಡ್, ಸಣ್ಣ ಫೀನಾಲ್‌ಗಳು ಮೇಲಕ್ಕೆ ಬರುತ್ತವೆ. ಒಂದೇ ಹೆಜ್ಜೆಯಲ್ಲಿ ಶುದ್ಧತೆ ಇಷ್ಟು ಏರುವುದು ಬೇರೆ ಕಡೆ ಅಪರೂಪ. ಮಿತಿಯೂ 5000 ಪಿಪಿಎಂ, ಹಾಗಾಗಿ ಹೆದರಿಕೆ ಕಡಿಮೆ. ಸುಣ್ಣ, ಸೋಡಾದಂಥ ಕ್ಷಾರ ಇರುವಲ್ಲಿ ಮಾತ್ರ ಬೇಡ, ಅದು ಒಡೆದುಹೋಗುತ್ತದೆ. ಬಜೆಟ್ ಚಿಕ್ಕದಿರುವ ಪ್ರಾಜೆಕ್ಟಿಗೆ ಎಥನಾಲ್, ನೀರು, ಈಥೈಲ್ ಅಸಿಟೇಟ್ ಈ ಮೂರೇ ಸಾಕು ಅಂತ ನನ್ನ ಅಭಿಪ್ರಾಯ.

ಹೆಕ್ಸೇನ್

ಹೆಕ್ಸೇನ್ ಎಣ್ಣೆಯ ಕಡೆಯ ಕೊನೆ ತುದಿ. ನೀರಿನ ಕಡೆಯ ಏನನ್ನೂ ಮುಟ್ಟುವುದಿಲ್ಲ. ಪುನರ್ಪುಳಿ ಸಿಪ್ಪೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನೀರಿಗೆ ಹಾಕಿದ ಸಿಪ್ಪೆ ಕಡುಗೆಂಪು ಬಿಡುತ್ತದೆ. ಅದೇ ಒಣ ಸಿಪ್ಪೆಯನ್ನು ಹೆಕ್ಸೇನ್‌ಗೆ ಹಾಕಿದರೆ ಕೆಂಪು ಬರುವುದೇ ಇಲ್ಲ, ಹಳದಿ ಬರುತ್ತದೆ. ಆ ಹಳದಿಯಲ್ಲಿರುವುದು ಗಾರ್ಸಿನಾಲ್, ಅದನ್ನು ಹರಳು ಮಾಡಿ ತೆಗೆಯಬಹುದು. ಒಂದೇ ಸಿಪ್ಪೆ, ಎರಡು ದ್ರಾವಕ, ಎರಡು ಬೇರೆಯೇ ಸಾಮಾನು. ಗಾರ್ಸಿನಾಲ್ ಬೇಕಾದವರು ನೀರಿನ ಸಾರವನ್ನು ಎಷ್ಟು ಶುದ್ಧ ಮಾಡಿದರೂ ಪ್ರಯೋಜನ ಇಲ್ಲ.

ಗೇರುಬೀಜದ ಸಿಪ್ಪೆಯದ್ದು ಇನ್ನೂ ಒಳ್ಳೆಯ ಪಾಠ. ಮಂಗಳೂರಿನ ಗೇರು ಕಾರ್ಖಾನೆಗಳ ಹತ್ತಿರ ಬೆಳೆದವರಿಗೆ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುವುದು ಗೊತ್ತು. ಸಿಪ್ಪೆಯನ್ನು ಬಿಸಿ ಮಾಡದೆ ಹೆಕ್ಸೇನ್‌ನಂಥ ದ್ರಾವಕದಲ್ಲಿ ತೆಗೆದರೆ ಎಣ್ಣೆಯ ಬಹುಪಾಲು ಅನಾಕಾರ್ಡಿಕ್ ಆಮ್ಲ. ಹುರಿದು ತೆಗೆದರೆ ಆ ಆಮ್ಲ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ. ಬಣ್ಣ, ಬ್ರೇಕ್ ಲೈನಿಂಗ್ ಮಾಡುವವರಿಗೆ ಕಾರ್ಡನಾಲ್ ಬೇಕು, ಅವರಿಗೆ ಹುರಿದದ್ದೇ ಸರಿ. ಸಂಶೋಧನೆಗೆ ಅನಾಕಾರ್ಡಿಕ್ ಆಮ್ಲ ಬೇಕಾದವರಿಗೆ ಹುರಿದ ಎಣ್ಣೆ ಕೆಲಸಕ್ಕೆ ಬಾರದು. ದ್ರಾವಕ ಆರಿಸುವುದು ಅಂದರೆ ಬಿಸಿಯನ್ನೂ ಆರಿಸುವುದು. ಸಾಕ್ಸ್‌ಲೆಟ್ ಉಪಕರಣದಲ್ಲಿ ಗಂಟೆಗಟ್ಟಲೆ ಸಾರ ತೆಗೆಯುವವರು ಇದನ್ನು ಮರೆಯುತ್ತಾರೆ. ಅಲ್ಲಿ ಪುಡಿಗೆ ತಾಜಾ ದ್ರಾವಕ ಬೀಳುತ್ತದೆ ನಿಜ, ಆದರೆ ಕೆಳಗಿನ ಫ್ಲಾಸ್ಕಿನ ಸಾರ ಇಡೀ ದಿನ ಕುದಿಯುತ್ತಲೇ ಇರುತ್ತದೆ.

ಇನ್ನು ಮಲ್ಲಿಗೆ. ಹಬೆಯ ಬಿಸಿಗೆ ಅದರ ಘಮ ಕೆಡುತ್ತದೆ. ಅದಕ್ಕೇ ಹೆಕ್ಸೇನ್. ಹೂವನ್ನು ಹೆಕ್ಸೇನ್‌ನಲ್ಲಿ ತೊಳೆದು ಇಂಗಿಸಿದರೆ ಸಿಗುವುದು ಮೇಣದಂಥ ಗಟ್ಟಿ ಸಾರ, ಅದನ್ನು ಕಾಂಕ್ರೀಟ್ ಅನ್ನುತ್ತಾರೆ. ಅದನ್ನು ಎಥನಾಲ್‌ನಲ್ಲಿ ಕರಗಿಸಿ ಚೆನ್ನಾಗಿ ತಣ್ಣಗೆ ಮಾಡಿದರೆ ಮೇಣ ಬಿಳಿ ಚೂರಾಗಿ ಬೇರೆಯಾಗುತ್ತದೆ. ಸೋಸಿ, ಎಥನಾಲ್ ತೆಗೆದರೆ ಅಬ್ಸಲ್ಯೂಟ್. ಎರಡು ದ್ರಾವಕ ಒಂದರ ಕೊರತೆಯನ್ನು ಇನ್ನೊಂದು ತುಂಬುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಇಲ್ಲ. ಆದರೆ ಬೆಳೆಗಾರರಿಗೆ ನೇರವಾಗಿ ಹೇಳಬೇಕು: ಸಾವಿರ ಕಿಲೋ ಹೂವಿಗೆ ಒಂದೆರಡು ಕಿಲೋ ಕಾಂಕ್ರೀಟ್ ಸಿಕ್ಕರೆ ಹೆಚ್ಚು. ಮೊಗ್ಗಿಗೆ ಘಮ ಇಲ್ಲ, ಸಂಜೆ ಅರಳುವಾಗಲೇ ಬರುವುದು. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಹಾಗೇ ಹೆಕ್ಸೇನ್‌ಗೆ ಹಾಕಿದರೆ ದಂಡ. ಭೌಗೋಳಿಕ ಸೂಚಕ ಪಡೆದ ಉಡುಪಿ ಮಲ್ಲಿಗೆಗೆ ಅಟ್ಟೆಯ (ಹೂವಿನ ಅಳತೆ) ಲೆಕ್ಕದಲ್ಲಿ ಸಿಗುವ ದರಕ್ಕೆ ಈ ಕೆಲಸ ಒಬ್ಬ ಬೆಳೆಗಾರನಿಗೆ ಗಿಟ್ಟುವುದಿಲ್ಲ. ದರ ಬಿದ್ದ ದಿನಗಳ ಹೂವನ್ನು ಹಲವರು ಒಟ್ಟುಗೂಡಿಸಿದರೆ ಮಾತ್ರ ಯೋಚಿಸಬಹುದು.

ಹೆಕ್ಸೇನ್‌ನ ಆವಿ ಗಾಳಿಗಿಂತ ಭಾರ, ನೆಲದಲ್ಲಿ ಹರಿದು ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಕೈಕಾಲಿನ ನರ ಕೆಡುತ್ತದೆ. ಮನೆಯ ಹಿತ್ತಿಲಲ್ಲಿ ಮಾಡುವ ಕೆಲಸ ಇದಲ್ಲ. ಬೆಂಕಿಯ ಮಾತು ಬರೀ ಹೆಕ್ಸೇನ್‌ಗೆ ಅಲ್ಲ. ಎಥನಾಲ್ 13 ಡಿಗ್ರಿ ಆಸುಪಾಸಿನಲ್ಲೇ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ, ನಮ್ಮಲ್ಲಿ ಚಳಿಗಾಲದಲ್ಲೂ ಅಷ್ಟು ತಂಪಿಲ್ಲ. ಇಂಥ ಯಾವ ದ್ರಾವಕವನ್ನೂ ಗ್ಯಾಸ್ ಒಲೆಯ ಮೇಲೆ ಇಡಬೇಡಿ.

ತೆಂಗಿನೆಣ್ಣೆ ಮತ್ತು ಇಂಗಾಲದ ಡೈಆಕ್ಸೈಡ್

ತಿಮರೆ (ಒಂದೆಲಗ) ಹಾಕಿ ತೆಂಗಿನೆಣ್ಣೆ ಕಾಯಿಸುವವರು ಎಣ್ಣೆ ಹಸಿರಾದರೆ ಸೊಪ್ಪಿನ ಗುಣ ಎಣ್ಣೆಗೆ ಇಳಿಯಿತು ಅನ್ನುತ್ತಾರೆ. ಹಸಿರು ಬಂದದ್ದು ಪತ್ರಹರಿತ್ತಿನಿಂದ. ತಿಮರೆಯ ಹೆಸರಾಂತ ಏಷಿಯಾಟಿಕೋಸೈಡ್‌ಗೆ ಸಕ್ಕರೆಯ ಬಾಲ ಇದೆ, ಅದು ಎಣ್ಣೆಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ಅದು ಬೇಕಿದ್ದರೆ ಶೇ. 50ರಿಂದ 70ರ ಎಥನಾಲ್ ನೋಡಿ. ಎಣ್ಣೆ ಕಾಯಿಸುವುದು ಬೇಡ ಅನ್ನುತ್ತಿಲ್ಲ, ಡಬ್ಬಿಯ ಮೇಲೆ ಏಷಿಯಾಟಿಕೋಸೈಡ್ ಅಂತ ಬರೆಯಬೇಡಿ ಅಷ್ಟೇ.

ಇಂಗಾಲದ ಡೈಆಕ್ಸೈಡನ್ನು 31 ಡಿಗ್ರಿ ಬಿಸಿ ಮತ್ತು ಸುಮಾರು 74 ಬಾರ್ ಒತ್ತಡ ದಾಟಿಸಿದರೆ ಅದು ದ್ರಾವಕದಂತೆ ವರ್ತಿಸುತ್ತದೆ. ಕೆಲಸ ಮುಗಿದ ಮೇಲೆ ಒತ್ತಡ ಬಿಟ್ಟರೆ ಹಾರಿಹೋಗುತ್ತದೆ, ಸಾರದಲ್ಲಿ ಏನೂ ಉಳಿಯುವುದಿಲ್ಲ. ಕಾಳುಮೆಣಸಿನ ಘಮದ ಸಾರಕ್ಕೆ ಬಹಳ ಚೆನ್ನ. ಯಂತ್ರದ ಬೆಲೆ ಮಾತ್ರ ಸಣ್ಣವರಿಗೆ ನಿಲುಕದ್ದು, ಯಂತ್ರ ಇರುವಲ್ಲಿ ಬಾಡಿಗೆ ಕೊಟ್ಟು ಮಾಡಿಸಿಕೊಳ್ಳುವುದೇ ಜಾಣತನ. ಮಜ್ಜಿಗೆ ಹುಲ್ಲಿನ ಎಣ್ಣೆ ಬೇಕಾದವರಿಗೆ ಇಷ್ಟೆಲ್ಲ ಬೇಡವೇ ಬೇಡ, ಹಬೆಯ ಬಟ್ಟಿ ಸಾಕು.

ಹಾಗಾದರೆ ನೀವು?

ಶರಬತ್ತು, ಕಷಾಯದ ಪುಡಿ ಮಾಡುವವರು ನೀರಲ್ಲೇ ಇರಿ. ಉಳಿಸಿದ ದುಡ್ಡನ್ನು ಒಣಗಿಸುವ ಯಂತ್ರಕ್ಕೆ, ತೇವ ನುಗ್ಗದ ಪ್ಯಾಕೆಟ್ಟಿಗೆ ಹಾಕಿ. ಪ್ರಾಜೆಕ್ಟಿನ ಮಕ್ಕಳು ಬೀಜವಾದರೆ ಮೊದಲು ಹೆಕ್ಸೇನ್‌ನಲ್ಲಿ ಕೊಬ್ಬು ತೆಗೆದು ಆಮೇಲೆ ಎಥನಾಲ್‌ಗೆ ಹೋಗಿ. ಎಲೆಯಾದರೆ ನೇರ ಶೇ. 70ರ ಎಥನಾಲ್, ನಂತರ ಈಥೈಲ್ ಅಸಿಟೇಟ್. ಒಂದು ಅಂಶವನ್ನು ಹೆಸರು ಹೇಳಿ ಮಾರುವ ಉದ್ಯಮಕ್ಕೆ ಎಥನಾಲ್ ಪರವಾನಗಿಯ ಓಡಾಟ ತಪ್ಪಿದ್ದಲ್ಲ.

ಕಿಲೋಗಟ್ಟಲೆ ಪುಡಿ ಸುರಿಯುವ ಮೊದಲು ಒಂದೇ ಪುಡಿಯಿಂದ 10 ಗ್ರಾಂನಂತೆ ತೂಗಿ ಮೂರು ದ್ರಾವಕದಲ್ಲಿ ಒಂದೇ ಹೊತ್ತು ನೆನೆಸಿ. ಸೋಸಿ, ಒಣಗಿಸಿ, ತೂಕ ಬರೆದಿಡಿ. ಮೂರನ್ನೂ, ಅಂಶಗಳನ್ನು ಚುಕ್ಕಿಗಳಾಗಿ ಬೇರ್ಪಡಿಸುವ ಒಂದೇ ಟಿಎಲ್‌ಸಿ ತಟ್ಟೆಯ ಮೇಲೆ ಪಕ್ಕಪಕ್ಕ ಚುಕ್ಕಿ ಇಟ್ಟು ಓಡಿಸಿ. ಬೇಕಾದ ಚುಕ್ಕಿ ದಪ್ಪವಾಗಿ, ಸುತ್ತಲಿನ ಚುಕ್ಕಿಗಳು ಕಡಿಮೆಯಾಗಿ ಎಲ್ಲಿ ಕಾಣುತ್ತದೋ ಅದನ್ನೇ ಮುಂದುವರಿಸಿ. ತೂಕ ಅಲ್ಲಿ ಕಡಿಮೆ ಇದ್ದರೆ ಬೇಸರ ಬೇಡ. ತಿನ್ನುವ ಸಾಮಾನಿಗೆ ನೀರು ಬಿಟ್ಟು ಬೇರೆ ಏನೇ ದ್ರಾವಕ ಬಳಸಿದ್ದರೂ ಪ್ರತಿ ಬ್ಯಾಚಿನದ್ದೂ ಗ್ಯಾಸ್ ಕ್ರೊಮಾಟೋಗ್ರಫಿ (ಉಳಿದ ದ್ರಾವಕ ಅಳೆಯುವ ಪರೀಕ್ಷೆ) ವರದಿ ಕೈಯಲ್ಲಿ ಇಟ್ಟುಕೊಂಡೇ ಮಾರಾಟಕ್ಕೆ ಬಿಡಿ.